ಬರೆ ಕಡಿದು ಮನೆ ಕಟ್ಟೋದಾ, ಬೇಡವಾ? ಮಾದಾಪುರದ ಹಣ್ಣಿನ ತೋಟದಿಂದ ಒಂದು ಪ್ರಶ್ನೆ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಮೇಡಂ. ಕೊಡಗಿನ ಮಾದಾಪುರದ ಹತ್ತಿರ ನಮ್ಮ ಕುಟುಂಬದ್ದು 3.5 ಎಕರೆ ತೋಟ ಇದೆ. ಅಜ್ಜನ ಕಾಲಕ್ಕೆ ಪೂರ್ತಿ ಕಿತ್ತಳೆ. ಗಿಡಗಳು ಒಂದೊಂದಾಗಿ ಒಣಗಿ ಹೋದ ಮೇಲೆ ಬೆಣ್ಣೆಹಣ್ಣು, ರಂಬುಟಾನ್ ಹಾಕಿದ್ದೇವೆ, ನಡುವೆ ಸ್ವಲ್ಪ ರೋಬಸ್ಟಾ ಕಾಫಿ. ಹಳೇ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ. ನಾವು ಶನಿವಾರ ಬಂದು ಭಾನುವಾರ ಹೊರಡುವವರು, 600 ಚದರಡಿಯ ಒಂದು ಸಣ್ಣ ಮನೆ ಸಾಕು. ತೋಟದ ಮೇಲ್ಭಾಗದಲ್ಲಿ ಒಂದು ಜಾಗ ನೋಡಿದ್ದೇನೆ, ಅಲ್ಲಿ ನಿಂತರೆ ಎದುರಿನ ಬೆಟ್ಟದ ಸಾಲು ಪೂರ್ತಿ ಕಾಣುತ್ತೆ. ಇಳಿಜಾರು ಮಾತ್ರ ಜೋರು. 12 ಅಡಿ ಬರೆ (ಇಳಿಜಾರಿನ ಮಣ್ಣಿನ ಗೋಡೆ) ಕಡಿದು, ಆ ಮಣ್ಣನ್ನೇ ಮುಂದಕ್ಕೆ ತುಂಬಿ ಎರಡು ದಿನದಲ್ಲಿ ಸಮ ಮಾಡಿಕೊಡ್ತೀವಿ ಅಂತ ಜೆಸಿಬಿಯವರು ಹೇಳಿದ್ದಾರೆ. ಮೇಲೆ ಫ್ಲಾಟ್ ಆರ್‌ಸಿಸಿ ಹಾಕುವ ಯೋಚನೆ. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಮೇ ಒಳಗೆ ಮುಗಿಯುತ್ತಾ? ಪರ್ಮಿಷನ್‌ಗೆ ಏನೇನು ಬೇಕು?

ಸಿವಿಲ್ ಇಂಜಿನಿಯರ್ (ಮಡಿಕೇರಿ): ಜೆಸಿಬಿಯನ್ನು ಸದ್ಯಕ್ಕೆ ಕರೆಸಬೇಡಿ. ಮೊದಲು ಇದು ಹೇಳಿ: ಆ ಜಾಗವನ್ನು ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ನೋಡಿದ್ದೀರಾ? ಡಿಸೆಂಬರ್‌ನಲ್ಲಿ ಕೊಡಗಿನ ಯಾವ ಜಾಗವೂ ಮನೆ ಕಟ್ಟೋಕೆ ಚೆನ್ನಾಗಿಯೇ ಕಾಣುತ್ತೆ. ಮಳೆಗಾಲದಲ್ಲಿ ಅಲ್ಲಿ ಒರತೆ ಏಳುತ್ತಾ, ಮೇಲಿನಿಂದ ನೀರು ಎಲ್ಲಿ ಹರಿದು ಬರುತ್ತೆ, ಮರಗಳ ಬುಡ ಬಾಗಿದೆಯಾ, ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟ ಗುರುತು ಇದೆಯಾ? ದೊಡ್ಡಪ್ಪನವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ನನ್ನ ಲೆವೆಲ್ ಮೆಷಿನ್‌ಗೆ ಗೊತ್ತಾಗಲ್ಲ.

12 ಅಡಿ ಕಡಿದು ಮುಂದಕ್ಕೆ ತುಂಬಿದರೆ ನಿಮ್ಮ ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ಸಡಿಲ ಮಣ್ಣಿನ ಮೇಲೆ ಕೂರುತ್ತೆ. ಎರಡು ಮಳೆ ಕಳೆಯುವಷ್ಟರಲ್ಲಿ ಮುಂದಿನ ಭಾಗ ಕುಸಿದು ಹಾಲ್ ನಡುವೆ ಬಿರುಕು ಬರುತ್ತೆ. ಇದು ಇದ್ದುದರಲ್ಲಿ ಸಣ್ಣ ತೊಂದರೆ. ದೊಡ್ಡದು ಹಿಂದಿನ ಬರೆ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಇಲ್ಲ. ಮಳೆಯಲ್ಲಿ ಅದೇ ಮಣ್ಣು ನೀರು ಕುಡಿದು ಭಾರವಾಗುತ್ತೆ, ಹಿಡಿತವನ್ನೂ ಕಳೆದುಕೊಳ್ಳುತ್ತೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಮಳೆಯ ಜೊತೆಗೆ, ಮನೆಗೂ ರಸ್ತೆಗೂ ಅಂತ ಇಳಿಜಾರು ಕಡಿದದ್ದನ್ನು ಕಾರಣವಾಗಿ ಎತ್ತಿ ಹೇಳಿದರು.

ತಡೆಗೋಡೆ ಕಟ್ಟಿದರೆ ಆಯ್ತಲ್ಲ ಅಂತೀರಿ. ಕಟ್ಟಬಹುದು. 12 ಅಡಿ ಬರೆಗೆ ಸರಿಯಾದ ತಡೆಗೋಡೆ, ಅದರ ಹಿಂದೆ ಜಲ್ಲಿ, ನೀರು ಹೊರಗೆ ಬರೋಕೆ ಪೈಪು ಎಲ್ಲ ಸೇರಿದರೆ ಗೋಡೆಯ ಖರ್ಚೇ ನಿಮ್ಮ ಸಣ್ಣ ಮನೆಯ ಖರ್ಚಿನ ಹತ್ತಿರ ಹೋಗುತ್ತೆ. ಪೈಪು ಬಿಡದೆ ಕಟ್ಟಿದ ಗೋಡೆ ಅಣೆಕಟ್ಟಿನ ಹಾಗೆ ನೀರು ನಿಲ್ಲಿಸಿಕೊಳ್ಳುತ್ತೆ, ಒಂದು ರಾತ್ರಿ ಅಡ್ಡ ಬೀಳುತ್ತೆ. ತೋಟದಲ್ಲಿ ಸಮ ಇರುವ ಜಾಗ ಬೇರೆ ಯಾವುದೂ ಇಲ್ವಾ? ಕಣ?

ಕೇಳಿದವರು: ದೊಡ್ಡಪ್ಪನಿಗೆ ಫೋನ್ ಮಾಡಿದೆ ಮೇಡಂ. ಆ ಜಾಗದ ಕೆಳಗಿನ ಹಲಸಿನ ಮರದ ಹತ್ತಿರ ಜುಲೈನಲ್ಲಿ ಒರತೆ ಎದ್ದೇ ಏಳುತ್ತಂತೆ. "ಅಲ್ಲಿ ಮನೆ ಕಟ್ತೀಯಾ ನೀನು?" ಅಂತ ನಕ್ಕರು. ಕಣ ಕೊಡಲ್ಲ, ಕಾಫಿ ಒಣಗಿಸೋಕೆ ಬೇಕು. ರಸ್ತೆ ಪಕ್ಕ ಹಳೇ ಲೈನ್ ಮನೆ (ತೋಟದ ಆಳುಗಳ ಸಾಲು ಮನೆ) ಇದ್ದ ಜಾಗ ಇದೆ, ಮಾಡು (ಚಾವಣಿ) ಬಿದ್ದು ಗೋಡೆ ಮಾತ್ರ ಉಳಿದಿದೆ. ಸುಮಾರು 50 ಅಡಿ ಉದ್ದ, 20 ಅಡಿ ಅಗಲ. ಆದರೆ ಅಲ್ಲಿಂದ ಬೆಟ್ಟ ಕಾಣಲ್ಲ.

ಇಂಜಿನಿಯರ್: ಅದೇ ಜಾಗ ತೊಗೊಳ್ಳಿ! 2018, 2019ರ ಮಳೆಗೂ ಆ ನೆಲ ಅಲುಗಿಲ್ಲ ಅಂದರೆ ಅದಕ್ಕಿಂತ ದೊಡ್ಡ ಮಣ್ಣು ಪರೀಕ್ಷೆ ಬೇಕಾ? ಹಾಗಂತ ಪಾಯಕ್ಕೆ ಮೊದಲು ಮೂರು ಕಡೆ ಗುಂಡಿ ತೆಗೆಸಿ ನೋಡೋಣ. ಬೆಟ್ಟ ನೋಡೋಕೆ ಮೇಲಿನ ಜಾಗದಲ್ಲಿ ಒಂದು ಕಲ್ಲು ಬೆಂಚು ಹಾಕಿಸಿ, ಸಂಜೆ ಕಾಫಿ ಅಲ್ಲಿಗೇ ತೊಗೊಂಡು ಹೋಗಿ.

ಇನ್ನು ಮಾಡು. ಇಲ್ಲಿ ಫ್ಲಾಟ್ ಆರ್‌ಸಿಸಿ ಹಾಕಿದವರು ನಾಲ್ಕು ವರ್ಷಕ್ಕೆ ಅದರ ಮೇಲೆ ಮತ್ತೆ ಶೀಟ್ ಹೊದಿಸೋದನ್ನು ನೋಡಿರಬೇಕು ನೀವು. ಒಂದೇ ಸಲಕ್ಕೆ ಇಳಿಜಾರು ಮಾಡು ಮಾಡಿ. ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು), ಮಂಗಳೂರು ಹೆಂಚು, 30 ಡಿಗ್ರಿ ಓಟ, ಅಂದರೆ ಅಡಿಗೆ ಸುಮಾರು 7 ಇಂಚು ಏರಬೇಕು. ಸೂರು ಗೋಡೆಯಿಂದ 3 ಅಡಿ ಹೊರಗೆ. ಕೋತಿ ಕಾಟ ಇದ್ದರೆ ನೂರು ಹೆಂಚು ಜಾಸ್ತಿ ತಂದಿಡಿ.

ಸೂರು ಸೇರಿ ನಿಮ್ಮ ಮಾಡು 900 ಚದರಡಿ ಆಗುತ್ತೆ. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಅಂತ ಹಿಡಿದರೆ ಆ ಮಾಡಿನಿಂದಲೇ ಎರಡೂವರೆ ಲಕ್ಷ ಲೀಟರ್ ನೀರು ಇಳಿಯುತ್ತೆ. ಅದು ಎಲ್ಲಿ ಹೋಗಬೇಕು ಅಂತ ಗೋಡೆ ಏಳುವ ಮೊದಲೇ ತೀರ್ಮಾನ ಆಗಬೇಕು. ಸೂರಿಗೆ ನೀರು ಹಿಡಿಯುವ ದೋಣಿ ಹಾಕಿ, ಸ್ವಲ್ಪ ಟ್ಯಾಂಕ್‌ಗೆ, ಉಳಿದದ್ದು ಕಲ್ಲು ಕಟ್ಟಿದ ಚರಂಡಿಯಲ್ಲಿ ನೇರ ತೋಡಿಗೆ (ಸಣ್ಣ ಹಳ್ಳಕ್ಕೆ). ಗಿಡಗಳ ನಡುವೆ ಸುಮ್ಮನೆ ಬಿಟ್ಟರೆ ಮೊದಲು ಸಾಯೋದು ಬೆಣ್ಣೆಹಣ್ಣು. ಅದರ ಬೇರಿಗೆ ನೀರು ನಿಂತರೆ ಆಗಲ್ಲ, ಬೇರು ಕೊಳೆ ರೋಗ ಹಿಡಿಯುತ್ತೆ. ಅಗೆದ ಮಣ್ಣನ್ನೂ ಅದರ ಬುಡಕ್ಕೆ ರಾಶಿ ಹಾಕಬೇಡಿ, ಗಾಡಿಯನ್ನು ಕೊಂಬೆಗಳ ನೆರಳಿನೊಳಗೆ ಓಡಿಸಬೇಡಿ. ಆಹಾರ ಎಳೆಯುವ ಬೇರು ಮೇಲೆಯೇ ಇರುತ್ತೆ. ಗಿಡಗಳ ವಿಷಯದಲ್ಲಿ ಇನ್ನೂ ಏನಾದರೂ ಬೇಕಿದ್ದರೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕೇಳಿ, ಬೆಣ್ಣೆಹಣ್ಣು, ರಂಬುಟಾನ್ ಎರಡರಲ್ಲೂ ಅವರದೇ ತಳಿಗಳಿವೆ.

ಇನ್ನೊಬ್ಬರು (ವಿರಾಜಪೇಟೆ): ಅಕ್ಕ, ನಮ್ಮದೂ ಇಂಥದ್ದೇ ಮನೆ, ಕಟ್ಟಿ ಮೂರು ವರ್ಷ. ಜೂನ್‌ನಲ್ಲಿ ಬೀಗ ಹಾಕಿ ಆಗಸ್ಟ್‌ನಲ್ಲಿ ತೆಗೆದರೆ ಕಪಾಟು, ಹಾಸಿಗೆ, ಚಪ್ಪಲಿಗೂ ಬೂಷ್ಟು. ಇದಕ್ಕೇನು ಮದ್ದು?

ಇಂಜಿನಿಯರ್: ಒಳ್ಳೇದಾಯ್ತು ಕೇಳಿದ್ದು. ವಾರಾಂತ್ಯದ ಮನೆಗೆ ಸೋರುವುದಕ್ಕಿಂತ ದೊಡ್ಡ ಶತ್ರು ಬೀಗ. ಜನ ಇರುವ ಮನೆಯಲ್ಲಿ ಒಲೆ ಉರಿಯುತ್ತೆ, ಬಾಗಿಲು ತೆಗೆಯುತ್ತಾರೆ, ಗಾಳಿ ಆಡುತ್ತೆ. ಮುಚ್ಚಿದ ಮನೆಯಲ್ಲಿ ಅದ್ಯಾವುದೂ ಇಲ್ಲ. ಹಾಗಾಗಿ ಬೀಗ ಹಾಕಿದಾಗಲೂ ಗಾಳಿ ಓಡಾಡಬೇಕು: ಎದುರುಬದುರು ಗೋಡೆಗಳಲ್ಲಿ, ಸೂರಿನ ಕೆಳಗೆ, ಮುಚ್ಚಲು ಬಾರದ ವೆಂಟಿಲೇಟರ್, ಅದಕ್ಕೆ ಸಣ್ಣ ಕಣ್ಣಿನ ಜಾಲರಿ. ಪಾಯ ನೆಲದಿಂದ 2 ಅಡಿ ಮೇಲೆ, ಅದರ ಮೇಲೆ ತೇವ ಏರದ ಹಾಗೆ ಡಿಪಿಸಿ ಪಟ್ಟಿ. ಜಿಪ್ಸಂ ಸೀಲಿಂಗ್, ಪ್ಲೈವುಡ್ ವಾರ್ಡ್‌ರೋಬ್ ಬೇಡವೇ ಬೇಡ. ಗೋಡೆಯಲ್ಲಿ ಕಲ್ಲಿನ ತೆರೆದ ಶೆಲ್ಫು ಸಾಕು. ಒಳಗೆ ಸುಣ್ಣ ಹೊಡೆಸಿ, ಅದರ ಮೇಲೆ ಬೂಷ್ಟು ಸುಲಭಕ್ಕೆ ಹಿಡಿಯಲ್ಲ. ನಿಮ್ಮ ಕಟ್ಟಿದ ಮನೆಗೆ ಈಗ ಕಪಾಟಿನ ಬಾಗಿಲು ಬಿಚ್ಚಿಸಿ, ಹಾಸಿಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ ಬನ್ನಿ. ವಾರಕ್ಕೊಮ್ಮೆ ಕಿಟಕಿ ತೆಗೆಯೋಕೆ ತೋಟದವರಿಗೆ ಹೇಳಿ.

ಕೇಳಿದವರು: ಮೇಡಂ, ಪರ್ಮಿಷನ್ ಮತ್ತೆ ಶೌಚಾಲಯದ ಗುಂಡಿ? ಖಾಲಿ ಇದ್ದಾಗ ಹೋಂಸ್ಟೇಗೆ ಕೊಡಬಹುದಾ? ಟ್ರಸ್‌ಗೆ ತೋಟದ ಮರವನ್ನೇ ಬಳಸಬಹುದಾ?

ಇಂಜಿನಿಯರ್: ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್‌ನಲ್ಲಿ ಕೃಷಿ ಜಮೀನಿನಲ್ಲಿ ತೋಟದ ಮನೆ ಕಟ್ಟಲು ಅವಕಾಶ ಇದೆ, ಹಿಡುವಳಿಯ ಶೇ 10ರ ಮಿತಿಯೊಳಗೆ. ನಿಮ್ಮದು ಒಂದು ಗುಂಟೆಯೂ ಆಗಲ್ಲ. ಆದರೆ ಅದು ರೈತನ ಸ್ವಂತ ಬಳಕೆಗೆ, ಬಾಡಿಗೆಗೆ ಕೊಡುವ ಹಾಗಿಲ್ಲ. ಹೋಂಸ್ಟೇ ಅಂದರೆ ನೋಂದಣಿ ಬೇಕು, ಅದು ಬೇರೆಯೇ ದಾರಿ. ಪ್ಲಾನ್ ಹಿಡಿದು ಗ್ರಾಮ ಪಂಚಾಯಿತಿಗೆ ಹೋಗಲೇಬೇಕು. ಅದಕ್ಕೂ ಮೊದಲು ಪಹಣಿ ತೆಗೆಸಿ ನೋಡಿ. ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮೊದಲು, ಮನೆ ಆಮೇಲೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯದ ಕುಟುಂಬ ಜಮೀನು) ಆಗಿದ್ದರೆ ಪಹಣಿಯಲ್ಲಿ ಹೆಸರಿರುವ ಎಲ್ಲರ ಒಪ್ಪಿಗೆ ಬರಹದಲ್ಲಿ ತೊಗೊಳ್ಳಿ. ದೊಡ್ಡಪ್ಪ ಬಾಯಲ್ಲಿ "ಕಟ್ಟಪ್ಪಾ" ಅಂದರೆ ಸಾಲದು, ನಾಳೆ ಅವರ ಮಕ್ಕಳೂ ಇದ್ದಾರೆ.

ಮರದ ವಿಷಯವೂ ಪಹಣಿಯಲ್ಲೇ ಗೊತ್ತಾಗುತ್ತೆ. ಅನ್‌ರಿಡೀಮ್ಡ್ ಬಾಣೆಯಾದರೆ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆ) ಮರದ ಹಕ್ಕು ಸರ್ಕಾರದ್ದು. ಸಿಲ್ವರ್ ಓಕ್ ಬಿಟ್ಟು ಬೇರೆ ಮರಕ್ಕೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಶೌಚದ ಇಂಗುಗುಂಡಿ ಬಾವಿಯಿಂದ 18 ಮೀಟರ್, ಅಂದರೆ 60 ಅಡಿ ದೂರ ಇರಲಿ, ಬಾವಿಗಿಂತ ತಗ್ಗಿನಲ್ಲಿ. ಯಾವುದೇ ಬರೆಯ ನೆತ್ತಿಯ ಮೇಲಂತೂ ಬೇಡ.

ಇನ್ನೊಬ್ಬರು (ಸುಂಟಿಕೊಪ್ಪ): ಆನೆ ಬರೋ ದಾರಿ ನೋಡ್ಕೊಳ್ಳಿ ಅಣ್ಣ. ಹಲಸು ಹಣ್ಣಾಗೋ ಕಾಲಕ್ಕೆ ನಮ್ಮಲ್ಲಿ ಅಂಗಳಕ್ಕೇ ಬರ್ತವೆ.

ಇಂಜಿನಿಯರ್: ಹೌದು, ಮನೆ ಹತ್ತಿರದ ಹಲಸಿನ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡಿ.

ಡಿಸೆಂಬರ್ ಬಗ್ಗೆ ಕೇಳಿದ್ರಿ. ಆಗ ಕಾಫಿ ಕುಯ್ಲು, ತೋಟದ ಆಳು ಸಿಗಲ್ಲ, ಗಾರೆಯವರನ್ನು ಹೊರಗಿನಿಂದಲೇ ಕರೆಸಬೇಕು. ಫೆಬ್ರವರಿಗೆ ಪಾಯ ಮುಗಿದು ಏಪ್ರಿಲ್ ಕೊನೆಗೆ ಹೆಂಚು ಕೂತರೆ ಗಾರೆ, ನೆಲದ ಕೆಲಸ ಮಳೆಯಲ್ಲೂ ನಡೆಯುತ್ತೆ. ಹೆಂಚು ಕೂರಲ್ಲ ಅನ್ನಿಸಿದರೆ ಗೋಡೆ ಏರಿಸಲೇಬೇಡಿ, ಪಾಯ ಹಾಕಿ ಒಂದು ಮಳೆಗಾಲ ಬಿಡಿ. ಮುಂದಿನ ಶನಿವಾರ ಹೋದಾಗ ಲೈನ್ ಮನೆ ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು, ಹಿಂದಿನ ಬರೆಯ ಎತ್ತರ ಅಳೆದು, ಫೋಟೋ ಹಾಕಿ. ಹಳೇ ಗೋಡೆಯ ಕಲ್ಲು ಬಿಸಾಡಬೇಡಿ, ಚರಂಡಿಗೆ ಬೇಕಾಗುತ್ತೆ.

ಕೇಳಿದವರು: ಜೆಸಿಬಿಯವರಿಗೆ ಬೇಡ ಅಂತ ಹೇಳಿದೆ ಮೇಡಂ. ಅಡ್ವಾನ್ಸ್ ಎರಡು ಸಾವಿರ ವಾಪಸ್ ಕೊಡಲ್ವಂತೆ.

ಇಂಜಿನಿಯರ್: ಹೋಗಲಿ ಬಿಡಿ, ತಡೆಗೋಡೆಗಿಂತ ಅಗ್ಗ.