ಸಹಾಯ ಬೇಕು: ವಂಡರ್‌ಲಾ ಒಳಗೆ ಬ್ಯಾಗ್ ಒಯ್ಯಬೇಕಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಶಿವಮೊಗ್ಗದಿಂದ ರಾತ್ರಿ ಬಸ್ಸಿಗೆ ಹೊರಟು ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗುತ್ತಿದ್ದೇವೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ದೊಡ್ಡ ಬ್ಯಾಗು ನಾದಿನಿ ಮನೆಯಲ್ಲಿರುತ್ತದೆ, ಅದರ ಚಿಂತೆ ಇಲ್ಲ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಾಗಾಗಿ ಕೋಡುಬಳೆ ಡಬ್ಬ ರದ್ದು (ಅತ್ತೆಗೆ ಇನ್ನೂ ಹೇಳಿಲ್ಲ!). ಆದರೂ ನೀರಾಟಕ್ಕೆ ನೈಲಾನ್ ಬಟ್ಟೆ, ಟವೆಲ್, ಒದ್ದೆ ಬಟ್ಟೆ ತುಂಬೋಕೆ ಕವರ್, ಅತ್ತೆಯ ಬಿಪಿ ಮಾತ್ರೆ, ಚಿಕ್ಕವನ ಇನ್‌ಹೇಲರ್ ಇಷ್ಟಂತೂ ಬೇಕೇ ಬೇಕು. ಬಾಡಿಗೆ ಲಾಕರ್ ಇದೆ, ಸರಿ. ಆದರೆ ಇನ್‌ಹೇಲರ್ ಅಲ್ಲಿಟ್ಟು ಬೀಗ ಹಾಕಿ, ಮಗುವಿಗೆ ಉಬ್ಬಸ ಬಂದಾಗ ಪಾರ್ಕಿನ ಆ ತುದಿಯಿಂದ ಓಡಿ ಬರೋದು ನನಗೆ ಸರಿ ಕಾಣುತ್ತಿಲ್ಲ. 'ಅಮ್ಮ ಹೇಗೂ ರೈಡ್ ಹತ್ತಲ್ಲ, ಬ್ಯಾಗ್ ಕಾಯ್ತಾರೆ ಬಿಡು' ಅಂತಾರೆ ನಮ್ಮನೆಯವರು. ಪಾಪ, ಅವರನ್ನು ಅಷ್ಟು ದೂರ ಕರೆದುಕೊಂಡು ಹೋಗೋದು ಬ್ಯಾಗ್ ಕಾಯೋಕಾ?

ಸೊಂಟಕ್ಕೆ ಕಟ್ಟುವ ಸಣ್ಣ ಪೌಚ್ ಇದ್ದರೆ ರೈಡ್ ಹತ್ತೋಕೆ ಬಿಡ್ತಾರಾ? ಕುತ್ತಿಗೆಗೆ ಹಾಕುವ ವಾಟರ್‌ಪ್ರೂಫ್ ಮೊಬೈಲ್ ಕವರನ್ನು ವೇವ್ ಪೂಲ್‌ನಲ್ಲಿ ನಂಬಬಹುದಾ? ಒಂದೇ ಲಾಕರಿನಲ್ಲಿ ಐದು ಜನರ ಬಟ್ಟೆ ಹಿಡಿಯುತ್ತಾ? ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ. ಶುಕ್ರವಾರ ಗಾಂಧಿ ಬಜಾರಿಗೆ ಹೋಗುತ್ತೇನೆ, ಪೌಚ್ ತರೋದಾದರೆ ಅಷ್ಟರೊಳಗೆ ಗೊತ್ತಾಗಬೇಕು.