ಅಮೆರಿಕದ ಬ್ಯಾಂಕ್ ಮುಳುಗಿದರೆ ಮೂಡಿಗೆರೆಗೇಕೆ ಬಿಸಿ?

ಪ್ರಶ್ನೆ (ಮೂಡಿಗೆರೆ):
2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದಾಗ ನಮ್ಮ ಬ್ಯಾಂಕುಗಳು ಉಳಿದುಕೊಂಡವು. ಆದರೂ ರೂಪಾಯಿ ಕುಸಿಯಿತು, ರಫ್ತು ಕುಗ್ಗಿತು. ನಿಯಂತ್ರಣ ಬಿಗಿಯಾಗಿದ್ದರೂ ಈ ಹೊಡೆತ ಏಕೆ ತಪ್ಪಲಿಲ್ಲ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹಾಸನ):
ವೈ. ವಿ. ರೆಡ್ಡಿಯವರು ಗವರ್ನರ್ ಆಗಿದ್ದಾಗಲೇ ರಿಸರ್ವ್ ಬ್ಯಾಂಕು ಗೃಹಸಾಲ ಹಾಗೂ ವಾಣಿಜ್ಯ ಕಟ್ಟಡಗಳ ಸಾಲಕ್ಕೆ ಹೆಚ್ಚು ಬಂಡವಾಳ ತೆಗೆದಿರಿಸುವಂತೆ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ನಗದು ಮೀಸಲು ಅನುಪಾತವು (ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇರಿಸಲೇಬೇಕಾದ ಪಾಲು) ಶೇ. 9ರಷ್ಟಿದ್ದುದರಿಂದಲೇ ಅದನ್ನು 2009ರ ಜನವರಿಯ ಹೊತ್ತಿಗೆ ಶೇ. 5ಕ್ಕೆ ಇಳಿಸಿ ಬ್ಯಾಂಕುಗಳ ಕೈಗೆ ಹಣ ಬಿಡಲು ಸಾಧ್ಯವಾಯಿತು. ಆದರೆ ವಿದೇಶಿ ಹೂಡಿಕೆದಾರರು ತಮ್ಮಲ್ಲಿನ ನಷ್ಟ ತುಂಬಿಕೊಳ್ಳಲು ಇಲ್ಲಿನ ಷೇರು ಮಾರಿ ಡಾಲರ್ ಒಯ್ಯುವುದನ್ನು, ಅದರಿಂದ ರೂಪಾಯಿ ಕುಸಿಯುವುದನ್ನು ಬ್ಯಾಂಕುಗಳ ಮೇಲಿನ ನಿಯಮ ತಡೆಯಲಾರದು.

ಉತ್ತರ (ಚಿಕ್ಕಮಗಳೂರು):
ಮೇಲಿನವರ ಮಾತು ಸರಿ. ರೂಪಾಯಿ ಇಳಿದರೆ ಕಾಫಿಯವರಿಗೆ ಲಾಭ ಎಂಬುದು ಮಾತ್ರ ಅರ್ಧಸತ್ಯ: ಅರೇಬಿಕಾ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ರೋಬಸ್ಟಾ ದರ ಲಂಡನ್ ಮಾರುಕಟ್ಟೆಯನ್ನೂ ಅನುಸರಿಸುವುದರಿಂದ ಅಲ್ಲಿ ದರ ಬಿದ್ದರೆ ಇಲ್ಲೂ ಬೀಳುತ್ತದೆ, ತೋಟಕ್ಕೆ ಹಾಕುವ ಪೊಟ್ಯಾಷ್ ಆಮದಾಗಿಯೇ ಬರಬೇಕು. ನನ್ನ ಅಭಿಪ್ರಾಯದಲ್ಲಿ, 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ (ದರ ಬೀಳದಂತೆ ಪ್ರತಿ ದೇಶದ ರಫ್ತಿಗೆ ಹಾಕಿದ್ದ ಮಿತಿ) ಮುರಿದುಬಿದ್ದದ್ದು ನಮ್ಮ ಬೆಳೆಗಾರರ ಮಟ್ಟಿಗೆ 2008ಕ್ಕಿಂತ ದೊಡ್ಡ ಪಾಠ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ವಿದೇಶಿ ಹಣದ ಒಳಹರಿವಿಗೇ ಮಿತಿ ಹಾಕುವುದು ಸೂಕ್ತವೇ?