ಹಳೇ ಟ್ರಾಲ್ ಬೋಟಿಗೆ ಹೊಸ ಜಿಪಿಎಸ್, ಫಿಶ್ ಫೈಂಡರ್: ದುಡ್ಡು ಮೊದಲು ಎಲ್ಲಿಗೆ ಹಾಕುವುದು?

ಕೇಳಿದ್ದು: ಅಪ್ಪನ ಕಾಲದ ಮರದ ಟ್ರಾಲ್ ಬೋಟ್ ಈಗ ನಾನು ನೋಡಿಕೊಳ್ತಿದ್ದೇನೆ. ಇಂಜಿನ್ ಗಟ್ಟಿ ಉಂಟು. ಕ್ಯಾಬಿನ್‌ನಲ್ಲಿ ಹಳೇ ಕಪ್ಪು-ಬಿಳುಪು ಜಿಪಿಎಸ್, ಹಳೇ ಫಿಶ್ ಫೈಂಡರ್ (ನೀರಿನಡಿಯ ಮೀನು, ತಳ ತೋರಿಸುವ ಸೆಟ್), ಒಂದು ವೈರ್‌ಲೆಸ್ ಸೆಟ್ ಮಾತ್ರ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ಮೇಲೆ ಎಳೆದಾಗ ದೊಡ್ಡ ಕಲರ್ ಸ್ಕ್ರೀನಿನ ಚಾರ್ಟ್ ಪ್ಲಾಟರ್ (ಕಡಲ ನಕ್ಷೆಯ ಮೇಲೆ ಬೋಟಿನ ಜಾಗ ತೋರಿಸುವ ಸೆಟ್), ಹೊಸ ಫಿಶ್ ಫೈಂಡರ್, ಎಐಎಸ್ (ನಮ್ಮ ಬೋಟಿನ ಗುರುತು, ಜಾಗವನ್ನು ಸುತ್ತಲಿನ ಬೋಟುಗಳಿಗೆ ರೇಡಿಯೋದಲ್ಲಿ ತಿಳಿಸುವ ಸೆಟ್) ಹಾಕುವ ಯೋಚನೆ. ಹಾಕಿಸಿದವರು ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಮಂಗಳೂರಿನಲ್ಲಿ ಬೋಟ್ ವಯರಿಂಗ್ ಮಾಡುವವರು: ಸ್ಕ್ರೀನ್ ಕೊನೆಗೆ ತಗೊಳ್ಳಿ ಮಾರಾಯ್ರೆ. ಮೊದಲು ಕರೆಂಟ್ ಸರಿ ಮಾಡಿ. ಹೊಸ ಮಿಷನ್ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗ್ತದೆ ಅಂತ ಕರೀತಾರೆ. ಹೋಗಿ ನೋಡಿದರೆ ಹೆಚ್ಚಿನ ಸಲ ಮಿಷನಿನಲ್ಲಿ ಎಂತ ತೊಂದರೆಯೂ ಇರುವುದಿಲ್ಲ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ ಬೀಳ್ತದೆ, ಅದೇ ಬ್ಯಾಟರಿಯಲ್ಲಿರುವ ಡಿಜಿಟಲ್ ಸೆಟ್ ಅದನ್ನು ತಡೆಯುವುದಿಲ್ಲ. ಹಳೇ ಸೆಟ್‌ಗಳು ಹೇಗೋ ಸುಧಾರಿಸಿಕೊಂಡು ಹೋಗ್ತಿದ್ದವು. ಎಲೆಕ್ಟ್ರಾನಿಕ್ಸ್‌ಗೆ ಬೇರೆಯೇ ಬ್ಯಾಟರಿ ಇಡಿ.

ಹಳೇ ವಯರಿನ ತುದಿ ಒಂದು ಇಂಚು ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ ಉಪ್ಪು ಒಳಗೆ ಹೋಗಿ ಆಗಿದೆ. ತುದಿ ಕತ್ತರಿಸಿ ಮತ್ತೆ ಜೋಡಿಸಬೇಡಿ, ಇಡೀ ವಯರ್ ಬದಲಾಯಿಸಿ. ಮನೆ ವಯರ್ ಬೇಡ, ತವರ ಲೇಪಿಸಿದ ತಾಮ್ರದ್ದೇ ಬೇಕು. ದಪ್ಪದ ಲೆಕ್ಕವೂ ಹೇಳ್ತೇನೆ: 12 ವೋಲ್ಟಿನಲ್ಲಿ 4 ಆಂಪ್ ಎಳೆಯುವ ಸ್ಕ್ರೀನ್ ಬ್ಯಾಟರಿಯಿಂದ 10 ಮೀಟರ್ ದೂರ ಇದ್ದರೆ, 1.5 ಚದರ ಮಿ.ಮೀ. ವಯರಿನಲ್ಲಿ ಹೋಗಿ ಬರುವಾಗ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗ್ತದೆ. 4 ಚದರ ಮಿ.ಮೀ. ಹಾಕಿದರೆ ಅದು 0.35ರ ಹತ್ತಿರಕ್ಕೆ ಇಳೀತದೆ. ಪ್ರತಿ ಸೆಟ್‌ಗೂ ಬೇರೆ ಫ್ಯೂಸ್ ಇರಲಿ.

ಹೊಸದರಲ್ಲಿ ಹೆಚ್ಚಿನವು ಎನ್‌ಎಂಇಎ 2000ರಲ್ಲಿ ಬರ್ತವೆ, ಅಂದ್ರೆ ಬೋಟಿನ ಸೆಟ್‌ಗಳು ಒಂದಕ್ಕೊಂದು ಮಾಹಿತಿ ಕೊಡುವ ಜೋಡಣೆಯ ಕ್ರಮ. ಒಂದೇ ಉದ್ದ ಕೇಬಲ್, ಅದರ ಎರಡೂ ತುದಿಗೆ 120 ಓಮಿನ ಟರ್ಮಿನೇಟರ್ (ತುದಿಗೆ ಹಾಕುವ ರೆಸಿಸ್ಟರ್). ಎಲ್ಲ ಜೋಡಿಸಿದ ಮೇಲೆ ಪವರ್ ಆಫ್ ಇಟ್ಟು ಎರಡು ಡೇಟಾ ವಯರ್ ಮಧ್ಯೆ ಮೀಟರ್ ಹಿಡೀರಿ. 60 ಓಮಿನ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ನಡುವೆ ಎಲ್ಲೋ ಕಟ್ ಆಗಿದೆ. ಹಳೇ ಸೆಟ್‌ಗಳು ಹಿಂದಿನ ಕ್ರಮವಾದ ಎನ್‌ಎಂಇಎ 0183ರವು, ಅವನ್ನು ಸೇರಿಸಲು ಕನ್ವರ್ಟರ್ ಬೇಕಾಗ್ತದೆ.

ಮಲ್ಪೆಯ ಬೋಟ್ ಮಾಲೀಕರು: ಫಿಶ್ ಫೈಂಡರಿನ ಜೀವ ಇರುವುದು ಟ್ರಾನ್ಸ್‌ಡ್ಯೂಸರಿನಲ್ಲಿ, ಅಂದ್ರೆ ಬೋಟಿನ ಅಡಿಯಿಂದ ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗದಲ್ಲಿ. ಬೋಟ್ ಮೇಲೆ ಇರುವಾಗಲೇ ತೂತು ಕೊರೆಯಬೇಕಾದ್ದರಿಂದ ಅದನ್ನು ಮೊದಲೇ ಆರಿಸಿ. ನಿಮ್ಮದು ಮರದ ಬೋಟ್ ಅಂದ್ರಲ್ಲ, ಕಂಚಿನದ್ದೇ ಹಾಕಿ. ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್‌ನದ್ದು ಒಡೆಯುವ ಭಯ ಉಂಟು. ಕಬ್ಬಿಣದ ಬೋಟಿನವರಿಗೆ ಈ ಮಾತು ಅಲ್ಲ, ಅಲ್ಲಿ ಕಂಚು ತಾಗಿದರೆ ಬೋಟಿನ ತಗಡೇ ತುಕ್ಕು ಹಿಡೀತದೆ. ಜಾಗ ಪ್ರೊಪೆಲ್ಲರಿನಿಂದ ಸಾಕಷ್ಟು ಮುಂದೆ, ಗುಳ್ಳೆ ಬಾರದ ಕಡೆ ಇರಲಿ. ಗುಳ್ಳೆ ಅಡಿಗೆ ಬಂದರೆ ಎಷ್ಟು ದುಬಾರಿ ಸೆಟ್ ಇದ್ದರೂ ಸ್ಕ್ರೀನ್ ತುಂಬ ಚುಕ್ಕಿಯೇ. ಕೇಬಲ್ ಉದ್ದ ಆಯ್ತು ಅಂತ ಕತ್ತರಿಸಬೇಡಿ, ಸುತ್ತಿ ಇಡಿ. ಡೈನಮೋ ವಯರಿನ ಜೊತೆಗೆ ಎಳೆಯಲೂ ಬೇಡಿ.

ಗಂಗೊಳ್ಳಿಯ ತಾಂಡೇಲರು (ಬೋಟ್ ನಡೆಸುವವರು): ತಮ್ಮಾ, ಹಳೇ ಜಿಪಿಎಸ್ ಬಿಚ್ಚುವ ಮೊದಲು ಅದರಲ್ಲಿರುವ ಗುರುತುಗಳನ್ನು ಒಂದು ಪುಸ್ತಕಕ್ಕೆ ಬರ್ಕೋ. ಬಲೆ ಸಿಕ್ಕಿಕೊಳ್ಳುವ ಕಲ್ಲು, ಮುಳುಗಿದ ಬೋಟ್, ಮೀನು ಸಿಗುವ ಜಾಗ, ನಿನ್ನಪ್ಪ ಜೀವಮಾನ ಇಡೀ ಕೂಡಿಸಿಟ್ಟದ್ದು ಅದು. ಅಂಗಡಿಯಲ್ಲಿ ಸಿಗುವ ಯಾವ ಚಾರ್ಟಿನಲ್ಲೂ ಅದು ಇರುವುದಿಲ್ಲ. ಹೊಸದಕ್ಕೆ ಹಾಕುವಾಗ ಅಂಕಿ ಬರೆಯುವ ಕ್ರಮ ನೋಡಿಕೋ. ಹಳೆಯದರಲ್ಲಿ 13 ಡಿಗ್ರಿ 20.50 ಮಿನಿಟ್ ಅಂತ ಇದ್ದದ್ದನ್ನು 20 ಮಿನಿಟ್ 50 ಸೆಕೆಂಡ್ ಅಂತ ಹಾಕಿದರೆ ಗುರುತು 600 ಮೀಟರಿಗಿಂತ ಜಾಸ್ತಿ ಉತ್ತರಕ್ಕೆ ಹೋಗ್ತದೆ. ಕಲ್ಲು ಇಲ್ಲ ಅಂತ ತಿಳಿದು ಅದರ ಮೇಲೆಯೇ ಬಲೆ ಎಳೀತೀರಿ.

ಮಲ್ಪೆಯ ಮಾಲೀಕರು ಮತ್ತೆ: ತಾಂಡೇಲರ ಮಾತು ನೂರಕ್ಕೆ ನೂರು. ಇನ್ನೊಂದು ಹೇಳಲೇಬೇಕು. 2018ರ ಡಿಸೆಂಬರಿನಲ್ಲಿ ಇಲ್ಲಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಮಂದಿಯ ಜೊತೆ ಕಾಣೆಯಾಯ್ತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲಿನಲ್ಲಿ. ಆ ತಿಂಗಳುಗಳನ್ನು ನೋಡಿದ ಮೇಲೆ ಬೋಟ್ ಎಲ್ಲಿದೆ ಅಂತ ದಡಕ್ಕೆ ಗೊತ್ತಾಗುವ ವ್ಯವಸ್ಥೆಗೆ ನಾನು ಸ್ಕ್ರೀನಿಗಿಂತ ಮೊದಲ ಜಾಗ ಕೊಡ್ತೇನೆ. ವಿಎಚ್‌ಎಫ್ (ಬೋಟಿನಿಂದ ಬೋಟಿಗೆ ಮಾತಾಡುವ ವೈರ್‌ಲೆಸ್) ಮತ್ತು ಎಐಎಸ್ ಎರಡೂ ಆಂಟೆನಾದ ಎತ್ತರದ ಮೇಲೆ ನಿಂತಿವೆ. ಎರಡು ಬೋಟಿನ ಆಂಟೆನಾ ನೀರಿನಿಂದ 5 ಮೀಟರ್ ಮೇಲಿದ್ದರೆ ಹತ್ತು ನಾಟಿಕಲ್ ಮೈಲಿಯ ಆಸುಪಾಸು, ಅಷ್ಟೇ. ಆಳಸಮುದ್ರಕ್ಕೆ ಹೋಗುವವರಿಗೆ ಅದು ಸಾಲದು. ಬೋಟಿನ ಜಾಗವನ್ನು ಉಪಗ್ರಹದ ಮೂಲಕ ದಡಕ್ಕೆ ತಿಳಿಸುವ, ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರನ್ನು ಕೇಂದ್ರದ ಮತ್ಸ್ಯಸಂಪದ ಯೋಜನೆಯಲ್ಲಿ ಬೋಟುಗಳಿಗೆ ಕೊಡ್ತಿದ್ದಾರೆ, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಅಪಾಯದಲ್ಲಿ ಹೊಸ ವಿಎಚ್‌ಎಫ್‌ನ ಕೆಂಪು ಬಟನ್ ಒತ್ತಿದರೆ ಜಾಗ ಸಮೇತ ಸಂದೇಶ ಹೋಗಬೇಕಾದರೆ ಸೆಟ್‌ಗೆ ಜಿಪಿಎಸ್ ಸಿಗ್ನಲ್ ಬರ್ತಿರಬೇಕು, ಎಂಎಂಎಸ್‌ಐ ನಂಬರ್ (ಬೋಟಿನ ರೇಡಿಯೋ ಗುರುತಿನ ಸಂಖ್ಯೆ) ತುಂಬಿರಬೇಕು. ಎರಡನ್ನೂ ಬಂದರಿನ ದಕ್ಕೆಯಲ್ಲಿ ಇರುವಾಗಲೇ ವಯರಿಂಗಿನವರ ಎದುರು ನೋಡಿಕೊಳ್ಳಿ.

ವಯರಿಂಗಿನವರು: ಹೊಸ ಸೆಟ್, ಸ್ಪೀಕರ್ ಯಾವುದನ್ನೂ ದಿಕ್ಸೂಚಿಯ ಪಕ್ಕ ಕೂರಿಸಬೇಡಿ. ಎಷ್ಟು ದೂರ ಬೇಕು ಅಂತ ಪ್ರತಿ ಸೆಟ್‌ನ ಪುಸ್ತಕದಲ್ಲಿ ಬರೆದಿರ್ತದೆ. ಹಳೇ ಜಿಪಿಎಸ್ಸನ್ನು ಈ ಸೀಸನ್ ಮುಗಿಯುವ ತನಕ ಕ್ಯಾಬಿನ್‌ನಲ್ಲೇ, ಅದರದ್ದೇ ಫ್ಯೂಸಿನ ಮೇಲೆ ಇಟ್ಟುಕೊಳ್ಳಿ.